ಪಟ್ಟಿಯಲ್ಲಿ ಇಲ್ಲದ ಹೆಸರು

ಶಿಕಾರಿಪುರ ಮತ್ತು ಸೊರಬ ಅಕ್ಕಪಕ್ಕದ ತಾಲೂಕುಗಳು. ಸೊರಬದ ಎಸ್. ಬಂಗಾರಪ್ಪನವರು, 1983ರಲ್ಲಿ ಮೊದಲ ಬಾರಿಗೆ ಶಿಕಾರಿಪುರದಿಂದ ವಿಧಾನಸಭೆಗೆ ಹೋದ ಬಿ.ಎಸ್. ಯಡಿಯೂರಪ್ಪನವರು, ಹೀಗೆ ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ನೆಲವಿದು. ಇಲ್ಲಿ ರಾಜಕೀಯವೆಂದರೆ ಅಡಿಕೆಯ ಧಾರಣೆಯಷ್ಟೇ ನಿತ್ಯದ ಮಾತು. ಇಂಥ ಕಡೆ ಚದುರಿಹೋಗಿರುವ ನಮ್ಮ ಕಥೋಲಿಕ ಕುಟುಂಬಗಳು ಸಂಖ್ಯೆಯಲ್ಲಿ ಅಲ್ಪ. ಮತದಾನದ ದಿನ ಯಾರು ಗೆಲ್ಲುತ್ತಾರೆ ಎಂಬ ಪ್ರಶ್ನೆಗಿಂತ ಮೊದಲು ಅವುಗಳಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ನಮ್ಮ ಹೆಸರು ಪಟ್ಟಿಯಲ್ಲಿದೆಯೇ?

2018ರ ಮೇ 12ರಂದು ವಿಧಾನಸಭಾ ಚುನಾವಣೆ. ನಾನು ಆಗ ಈ ಭಾಗದ ಒಂದು ಧರ್ಮಕೇಂದ್ರದಲ್ಲಿದ್ದೆ. ಮಧ್ಯಾಹ್ನ ಎಪ್ಪತ್ತು ದಾಟಿದ ತಾಯಿಯೊಬ್ಬರು ಗುರುಮನೆಗೆ ಬಂದರು. ಕೈಯಲ್ಲಿ ಗುರುತಿನ ಚೀಟಿ ಇತ್ತು. ಮತಗಟ್ಟೆಯ ಪಟ್ಟಿಯಲ್ಲಿ ಹೆಸರು ಇರಲಿಲ್ಲ. “ಸ್ವಾಮಿ, ನಾನು ಬದುಕಿದ್ದೇನೆಂದು ನೀವೇ ಒಂದು ಚೀಟಿ ಬರೆದುಕೊಡಿ” ಎಂದರು. ಜೊತೆಯಲ್ಲಿದ್ದವರು ಸಿಟ್ಟಿನಿಂದ, “ನಮ್ಮ ಹೆಸರುಗಳನ್ನು ನೋಡಿಯೇ ತೆಗೆದಿದ್ದಾರೆ” ಎಂದರು. ಕೆಲವು ವಾರಗಳ ನಂತರ ತಿಳಿದುಬಂದದ್ದು ಬೇರೆ. ಅದೇ ಓಣಿಯ ಬಾಡಿಗೆ ಮನೆಗಳ ಸಾಲಿಗೆ ಸಾಲನ್ನೇ ‘ಇಲ್ಲಿ ವಾಸವಿಲ್ಲ’ ಎಂದು ಬರೆಯಲಾಗಿತ್ತು. ಲಿಂಗಾಯತರ, ಮುಸಲ್ಮಾನರ ಹೆಸರುಗಳೂ ಹೋಗಿದ್ದವು.

ಈ ಪುಟ್ಟ ಪ್ರಸಂಗದಲ್ಲಿ ಎರಡು ಸತ್ಯಗಳಿವೆ. ಕೇಡಿನ ಉದ್ದೇಶವಿತ್ತು ಎಂಬ ಅನುಮಾನ ಅಲ್ಲಿ ತಪ್ಪಾಗಿತ್ತು. ಆದರೆ ಆದ ಅನ್ಯಾಯ ಸುಳ್ಳಾಗಿರಲಿಲ್ಲ. ಕಾರಣ ಬೇರೆ, ಪರಿಣಾಮ ಬೇರೆ ಎಂಬುದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಹೆಸರು ಬಿಟ್ಟುಹೋಗುವುದು ಅಲಕ್ಷ್ಯದಿಂದ ಆಗಬಹುದು, ನಿಯಮದ ಕುರುಡುತನದಿಂದ ಆಗಬಹುದು, ಸಂಚಿನಿಂದಲೂ ಆಗಬಹುದು. ಮೂರನ್ನೂ ಸಂಚೆಂದು ಕರೆಯುವುದು ಸತ್ಯಕ್ಕೆ ಬಗೆದ ಅಪಚಾರ. ಮೂರನ್ನೂ ಕೈತಪ್ಪೆಂದು ತಳ್ಳಿಹಾಕುವುದು ನ್ಯಾಯಕ್ಕೆ ಬಗೆದ ಅಪಚಾರ.

ಅಲಕ್ಷ್ಯಕ್ಕೆ ನಮ್ಮ ಗಣರಾಜ್ಯದಷ್ಟೇ ವಯಸ್ಸು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಹೊರಗುಳಿದವು. ಅವರು ತಮ್ಮ ಸ್ವಂತ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಮಾತ್ರ ಬರೆಸಿದ್ದರು. ಇದರಲ್ಲಿ ಮತದ್ವೇಷವಿರಲಿಲ್ಲ; ಆದರೂ ಲಕ್ಷಾಂತರ ತಾಯಂದಿರು ದನಿಯಿಲ್ಲದವರಾದರು.

ಇತ್ತೀಚಿನ ವರ್ಷಗಳ ಸಂಗತಿ ಇಷ್ಟು ಸರಳವಲ್ಲ. 2018ರ ಚುನಾವಣೆಗೆ ಮುನ್ನ ಅರ್ಥಶಾಸ್ತ್ರಜ್ಞ ಅಬುಸಾಲೆಹ್ ಷರೀಫ್ ಅವರ ತಂಡವು ಕರ್ನಾಟಕದ ಪಟ್ಟಿಗಳನ್ನು ಪರಿಶೀಲಿಸಿ, ಲಕ್ಷಗಟ್ಟಲೆ ಮುಸ್ಲಿಂ ಮತದಾರರು ಪಟ್ಟಿಯಲ್ಲಿಲ್ಲವೆಂದು ಅಂದಾಜಿಸಿತು. ಒಬ್ಬನೇ ಮತದಾರನಿರುವ ಮನೆಗಳನ್ನು ಎಣಿಸಿ ಮಾಡಿದ ಅಂದಾಜು ಅದು. ಎಚ್ಚರಿಕೆಯೇ ಹೊರತು ಸಂಚಿನ ರುಜುವಾತಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನ ಚಿಲುಮೆ ಸಂಸ್ಥೆಯು ಮತದಾರರ ಜಾಗೃತಿಯ ಹೆಸರಿನಲ್ಲಿ ಮನೆಮನೆಯ ಮಾಹಿತಿ ಸಂಗ್ರಹಿಸಿತೆಂಬ ಪ್ರಕರಣ ಹೊರಬಿತ್ತು. ಚುನಾವಣಾ ಆಯೋಗವು ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಆ ವರ್ಷದ ಜನವರಿಯಿಂದ ಸೇರಿಸಿದ ಮತ್ತು ತೆಗೆದ ಹೆಸರುಗಳನ್ನೆಲ್ಲ ಮರುಪರಿಶೀಲಿಸಲು ಆದೇಶಿಸಿತು. ಹಿರಿಯ ಅಧಿಕಾರಿಗಳಿಬ್ಬರು ಅಮಾನತುಗೊಂಡರು. ಕ್ರೈಸ್ತರೂ ಮುಸಲ್ಮಾನರೂ ಹೆಚ್ಚಾಗಿರುವ ಶಿವಾಜಿನಗರದಲ್ಲಿ ಮರುವರ್ಷವೂ ಸಾವಿರಾರು ಹೆಸರುಗಳ ಬಗ್ಗೆ ಆಕ್ಷೇಪಣೆಯ ವಿವಾದ ನಡೆಯಿತು.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುನ್ನ 6,018 ಹೆಸರುಗಳನ್ನು ತೆಗೆಯುವಂತೆ ಆನ್‌ಲೈನ್ ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು ಕೇವಲ 24. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಸಂಬಂಧಿಕರ ಹೆಸರನ್ನೇ ಆ ಅರ್ಜಿಗಳಲ್ಲಿ ಕಂಡು ಬೆಚ್ಚಿದ್ದರಿಂದ ಗುಟ್ಟು ರಟ್ಟಾಯಿತು. ಉಳಿದ 5,994 ಹೆಸರುಗಳು ಪಟ್ಟಿಯಲ್ಲೇ ಉಳಿದವು. 2025ರಲ್ಲಿ ರಾಜ್ಯ ಸರ್ಕಾರ ಇದಕ್ಕಾಗಿ ವಿಶೇಷ ತನಿಖಾ ತಂಡ ರಚಿಸಿತು. ಸಂಚು ಅಸಾಧ್ಯವಲ್ಲ, ಸ್ಥಳೀಯರ ಎಚ್ಚರವೇ ಅದಕ್ಕೆ ಮದ್ದು ಎಂಬ ಎರಡು ಪಾಠಗಳನ್ನು ಆಳಂದ ಒಟ್ಟಿಗೇ ಕಲಿಸುತ್ತದೆ.

ಬಿಹಾರದಲ್ಲಿ 2025ರ ವಿಶೇಷ ತೀವ್ರ ಪರಿಷ್ಕರಣೆಯ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಆ ಹೆಸರುಗಳನ್ನು ಕಾರಣಸಹಿತ ಪ್ರಕಟಿಸುವಂತೆ ಆದೇಶಿಸಬೇಕಾಯಿತು. ಕಾರಣ ಹೇಳದೆ ಒಬ್ಬನನ್ನು ಅಳಿಸಲಾಗದು ಎಂಬುದು ಕೃಪೆಯ ಮಾತಲ್ಲ, ಹಕ್ಕಿನ ಮಾತು. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿಯೂ ನ್ಯಾಯಾಲಯ, ಪಟ್ಟಿಯಲ್ಲಿ ಈಗಾಗಲೇ ಇರುವ ಹೆಸರಿಗೆ ಬೆಲೆಯಿದೆ, ಅದನ್ನು ಪ್ರಶ್ನಿಸುವವನೇ ಆಧಾರ ಒದಗಿಸಬೇಕು ಎಂಬ ತತ್ತ್ವವನ್ನು ಎತ್ತಿಹಿಡಿದಿತ್ತು.

ಅಲ್ಪಸಂಖ್ಯಾತರನ್ನು ಇದು ಇಷ್ಟು ಆಳವಾಗಿ ಏಕೆ ತಟ್ಟುತ್ತದೆ? ಉತ್ತರ ಇತಿಹಾಸದಲ್ಲಿದೆ. ಬ್ರಿಟಿಷರ ಕಾಲದಲ್ಲಿ ಮುಸಲ್ಮಾನರಿಗೂ, ಮದ್ರಾಸ್ ಪ್ರಾಂತ್ಯದಂಥ ಕಡೆ ಕ್ರೈಸ್ತರಿಗೂ ಪ್ರತ್ಯೇಕ ಮತಪಟ್ಟಿಗಳಿದ್ದವು. ಸಂವಿಧಾನ ಸಭೆಯಲ್ಲಿ ಕ್ರೈಸ್ತರಾದ ಎಚ್.ಸಿ. ಮುಖರ್ಜಿ ಮತ್ತು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಪೂಜ್ಯ ಜೆರೋಮ್ ಡಿಸೋಜ ಅವರಂಥವರು ಪ್ರತ್ಯೇಕ ಪಟ್ಟಿಗಾಗಲಿ ಮೀಸಲು ಸ್ಥಾನಕ್ಕಾಗಲಿ ಹಟ ಹಿಡಿಯಲಿಲ್ಲ. 1949ರ ಮೇ ತಿಂಗಳಲ್ಲಿ ಮತಾಧಾರಿತ ಮೀಸಲು ಸ್ಥಾನಗಳನ್ನು ಸಭೆ ಕೈಬಿಟ್ಟಿತು. ಸಂವಿಧಾನದ 325ನೆಯ ವಿಧಿಯ ಪ್ರಕಾರ ಒಂದು ಕ್ಷೇತ್ರಕ್ಕೆ ಒಂದೇ ಪಟ್ಟಿ. ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅದರಿಂದ ಹೊರಗಿಡುವಂತಿಲ್ಲ. ನೆರೆಯವರ ಮೇಲೆ ನಂಬಿಕೆಯಿಟ್ಟು ನಮ್ಮ ಹಿರಿಯರು ಬೇರೆ ಬಾಗಿಲನ್ನು ತಾವೇ ಮುಚ್ಚಿದರು. ಆದುದರಿಂದ ಇರುವ ಒಂದೇ ಬಾಗಿಲಲ್ಲಿ ಹೆಸರು ಕಾಣದಾದಾಗ ಉಂಟಾಗುವ ಕಳವಳ ಬರಿಯ ಭ್ರಮೆಯಲ್ಲ.

ಧರ್ಮದ ಹೆಸರಿನಲ್ಲಿ ಮತ ಕೇಳುವ ಕಾಲದಲ್ಲಿ ಈ ಕಳವಳ ಬಹುಬೇಗ ಹಗೆಯಾಗಿ ತಿರುಗುತ್ತದೆ. ಒಂದು ಪಕ್ಷ ನಮ್ಮನ್ನು ಅನುಮಾನಿಸಿ ಮತ ಗಳಿಸುತ್ತದೆ. ಇನ್ನೊಂದು ನಮ್ಮ ಭಯವನ್ನೇ ಬಂಡವಾಳವಾಗಿಸಿ ಮತ ಗಳಿಸುತ್ತದೆ. ಎರಡಕ್ಕೂ ನಾವು ಪ್ರಜೆಗಳಲ್ಲ, ಗುಂಪು. ಹಾಗೆಂದು ಪೀಠದಿಂದ ಯಾರಿಗೆ ಮತ ಹಾಕಬೇಕೆಂದು ಹೇಳುವುದು ಗುರುವಿನ ಕೆಲಸವಲ್ಲ. ಮತದಾನವು ಹಕ್ಕೂ ಹೌದು, ಸರ್ವರ ಹಿತಕ್ಕಾಗಿ ಸ್ವತಂತ್ರವಾಗಿ ನೆರವೇರಿಸಬೇಕಾದ ಕರ್ತವ್ಯವೂ ಹೌದು ಎಂಬುದು ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬೋಧನೆ. ತುಂಬು ಗರ್ಭಿಣಿ ಮರಿಯಮ್ಮನವರೊಡನೆ ಜೋಸೆಫರು ಬೆತ್ಲೆಹೇಮಿಗೆ ಹೋದದ್ದೂ ಹೆಸರು ಬರೆಸಲೆಂದೇ ಅಲ್ಲವೇ?

ಇನ್ನು ಮಾಡಬೇಕಾದ ಕೆಲಸ. ಒಂದು ಮತ ಏನು ಮಾಡೀತೆಂದು ಕೇಳುವವರು 2004ರ ಸಂತೇಮರಹಳ್ಳಿಯನ್ನು ನೆನೆಯಲಿ. ಅಲ್ಲಿ ಸೋಲು ಗೆಲುವಿನ ಅಂತರ ಒಂದೇ ಮತ. ಕರ್ನಾಟಕದಲ್ಲಿ ಹಿಂದಿನ ತೀವ್ರ ಪರಿಷ್ಕರಣೆಯ ವರ್ಷ 2002. ಆ ಪಟ್ಟಿಯಲ್ಲಿ ತಮ್ಮ ಅಥವಾ ತಂದೆತಾಯಿಯರ ಹೆಸರು ಯಾವ ಊರಿನಲ್ಲಿದೆಯೆಂದು ಪ್ರತಿ ಕುಟುಂಬವೂ ಗುರುತು ಹಾಕಿಕೊಳ್ಳಲಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಲ್ಲಿರುತ್ತದೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಂದು, ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಎಂದು ನಮ್ಮ ಹೆಸರುಗಳ ಕಾಗುಣಿತ ಮೂರು ಬಗೆ, ಸರಿಪಡಿಸಿಕೊಳ್ಳಿ. ಹೊಸದಾಗಿ ಸೇರಲು ನಮೂನೆ 6, ತೆಗೆಯುವುದಕ್ಕೆ ಅಥವಾ ಆಕ್ಷೇಪಣೆಗೆ ನಮೂನೆ 7, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಪ್ರತಿ ಧರ್ಮಕೇಂದ್ರದ ಯುವಕರು ಕುಟುಂಬಗಳ ಪುಸ್ತಕವನ್ನು ಮತದಾರರ ಪಟ್ಟಿಯೊಡನೆ ಹೋಲಿಸಲಿ. ತೀರಿಹೋದವರ ಹೆಸರನ್ನು ನಾವೇ ತೆಗೆಸೋಣ; ಪ್ರಾಮಾಣಿಕತೆಯನ್ನು ಬೇಡುವವರು ಅದನ್ನು ಮೊದಲು ತೋರಬೇಕು. ಪಕ್ಕದ ಮನೆಯ ಮುಸಲ್ಮಾನರ, ಲಂಬಾಣಿ ತಾಂಡಾದ, ಬಾಡಿಗೆ ಮನೆಯ ಬಡವರ ಹೆಸರನ್ನೂ ನೋಡೋಣ. ನಮ್ಮದನ್ನಷ್ಟೇ ಹುಡುಕಿದರೆ ನಾವೂ ಗುಂಪೇ ಆಗುತ್ತೇವೆ.

ಅಂದು ಗುರುಮನೆಗೆ ಬಂದ ಆ ತಾಯಿಗೆ ನಾನು “ಮುಂದಿನ ಸಲ ನೋಡೋಣ, ಅಮ್ಮ” ಎಂದು ಸಮಾಧಾನ ಹೇಳಿ ಕಳುಹಿಸಿದೆ. 2019ರ ಲೋಕಸಭಾ ಚುನಾವಣೆ ಬಂತು. ಅವರ ಹೆಸರು ಆಗಲೂ ಇರಲಿಲ್ಲ. ಅರ್ಜಿಯನ್ನು ಯಾರೂ ತುಂಬಿರಲಿಲ್ಲ, ನಾನೂ ತುಂಬಿರಲಿಲ್ಲ. 2022ರಲ್ಲಿ ಅವರ ಅಂತ್ಯಕ್ರಿಯೆ ನಡೆಸಿದವನು ನಾನೇ. ಮರಣದ ಪುಸ್ತಕದಲ್ಲಿ ಅವರ ಹೆಸರನ್ನು ಬರೆಯಲು ನನಗೆ ಹಿಡಿದದ್ದು ಎರಡು ನಿಮಿಷ. ನಮೂನೆ 6 ತುಂಬಲು ಅದಕ್ಕಿಂತ ಬಹಳ ಹೆಚ್ಚೇನೂ ಬೇಕಾಗುತ್ತಿರಲಿಲ್ಲ.