ಹಳಿಗೆ ಬೇಕಾದದ್ದು ಕುರ್ಚಿಯಷ್ಟೇ ಅಲ್ಲ

ಬೆಳಗಾವಿಯಿಂದ ಧಾರವಾಡಕ್ಕೆ ಬಸ್ಸು ಕಿತ್ತೂರಿನ ಮೇಲೆ ನೆಟ್ಟಗೆ ಹೋಗುತ್ತದೆ. ರೈಲು ಮಾತ್ರ ಖಾನಾಪುರ, ಲೋಂಡಾ, ಅಳ್ನಾವರ ಸುತ್ತಿ ಸುಮಾರು 120 ಕಿ.ಮೀ. ಓಡುತ್ತದೆ. ಕಿತ್ತೂರು ಮಾರ್ಗವಾಗಿ 73 ಕಿ.ಮೀ. ಹೊಸ ಹಳಿ ಹಾಕುವ ಯೋಜನೆ ಕೇಂದ್ರ ಬಜೆಟ್ಟಿನಲ್ಲಿ ಸೇರಿದ್ದು 2020ರಲ್ಲಿ. ಆಗ ರೈಲ್ವೆ ರಾಜ್ಯ ಸಚಿವರಾಗಿದ್ದವರು ಬೆಳಗಾವಿಯ ಸಂಸದ ಸುರೇಶ ಅಂಗಡಿ. ಕೆ.ಕೆ. ಕೊಪ್ಪದ ಅಂಗಡಿಯವರು 2004ರಿಂದ ಸತತ ನಾಲ್ಕು ಸಲ ಗೆದ್ದವರು. ಮೊದಲ ಹತ್ತು ವರ್ಷ ಅವರ ಪಕ್ಷ ದಿಲ್ಲಿಯಲ್ಲಿ ವಿರೋಧದ ಸಾಲಿನಲ್ಲಿತ್ತು. ಮುಂದಿನ ಐದು ವರ್ಷ ಅದೇ ಪಕ್ಷ ಆಳಿತು. ಆ ಹದಿನೈದು ವರ್ಷದಲ್ಲಿ ದಕ್ಕದ ಮಂಜೂರಾತಿ, ಅವರು ಮಂತ್ರಿಯಾದ ಒಂಬತ್ತು ತಿಂಗಳೊಳಗೆ ದಕ್ಕಿತು. ಅಂದರೆ ಆಳುವ ಪಕ್ಷದ ಸಂಸದನ ಕೋರಿಕೆಗೂ ಇಲ್ಲದ ಬಲ ಮಂತ್ರಿಯ ಕುರ್ಚಿಗಿತ್ತು. 2020ರ ಸೆಪ್ಟೆಂಬರ್ 23ರಂದು ಕೋವಿಡ್ ಅವರನ್ನು ಬಲಿ ತೆಗೆದುಕೊಂಡಿತು. ಒಂದು ಜಿಲ್ಲೆಯ ಹಳೆಯ ಬೇಡಿಕೆ ಒಬ್ಬರ ಹದಿನಾರು ತಿಂಗಳ ಅಧಿಕಾರಕ್ಕೆ ಜೋತುಬಿದ್ದಿದ್ದರೆ, ಅದು ಆ ವ್ಯಕ್ತಿಯ ಹೆಗ್ಗಳಿಕೆಯಷ್ಟೇ ನಮ್ಮ ರಾಜಕಾರಣದ ಬಡತನವೂ ಹೌದು.

ಹಾಗಾದರೆ ದಿಲ್ಲಿಯಲ್ಲಿ ನಮ್ಮವರೊಬ್ಬರು ಮಂತ್ರಿಯಾಗಿರಬೇಕು, ಅಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ 2024ರಲ್ಲಿ ಅದೇ ಖಾತೆಗೆ ಕರ್ನಾಟಕದವರೇ ಆದ ವಿ. ಸೋಮಣ್ಣ ಬಂದರು, ಮಂಜೂರಾದ ಮಾರ್ಗ ಅಷ್ಟರೊಳಗೆ ಭೂಸ್ವಾಧೀನದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು. ಅರ್ಧ ವೆಚ್ಚ, ಜೊತೆಗೆ ಭೂಮಿ ರಾಜ್ಯದ ಪಾಲು. ಭೂಮಿ ಇರುವುದು ರೈತನ ಕೈಯಲ್ಲಿ. ಕುರ್ಚಿ ಯೋಜನೆಯನ್ನು ಮಂಜೂರು ಮಾಡಿಸೀತು, ರೈತನನ್ನು ಒಪ್ಪಿಸಲಾರದು.

ರೈತರೇ ಅಭಿವೃದ್ಧಿಗೆ ಅಡ್ಡಿ ಎಂಬ ಇನ್ನೊಂದು ಆಕ್ಷೇಪ ಅನ್ಯಾಯದ್ದು. ಖಾನಾಪುರ ತಾಲ್ಲೂಕಿನ ಗರ್ಲಗುಂಜಿಯಂಥ ಊರಿನವರು ಫಲವತ್ತಾದ ಹೊಲ ಬಿಡಲು ಒಪ್ಪದೆ ಪ್ರತಿಭಟಿಸಿದರು. ಖಾನಾಪುರ ಇರುವುದು ಬೆಳಗಾವಿ ಜಿಲ್ಲೆಯಲ್ಲಿ, ಅದರ ಲೋಕಸಭಾ ಕ್ಷೇತ್ರ ಉತ್ತರ ಕನ್ನಡ. ಅಂಗಡಿಯವರನ್ನು ಗೆಲ್ಲಿಸುವ, ಸೋಲಿಸುವ ಅಧಿಕಾರ ಈ ರೈತರಿಗೆ ಇರಲೇ ಇಲ್ಲ. ಹಳಿ ಬಂದರೂ ಅದು ಖಾನಾಪುರ ಪೇಟೆಯನ್ನು ಮುಟ್ಟುವುದಿಲ್ಲ. ಹೊಲ ಕೊಡುವವರ ಮಾತು ನಕ್ಷೆಯಲ್ಲಿ ಗೆರೆ ಎಳೆಯುವ ಮೊದಲೇ ಕೇಳಬೇಕಿತ್ತು.

2019ರಲ್ಲಿ 3,91,304 ಮತಗಳಿಂದ ಅಂಗಡಿಯವರನ್ನು ಗೆಲ್ಲಿಸಿದ ಕ್ಷೇತ್ರ, 2021ರ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಲಾ ಅಂಗಡಿಯವರಿಗೆ ಕೊಟ್ಟ ಅಂತರ 5,240. ಮತದಾರರ ಪ್ರೀತಿ ಪಿತ್ರಾರ್ಜಿತ ಆಸ್ತಿಯಲ್ಲ. ಹಳಿಯ ಕೆಲಸವೂ ಒಂದು ಮನೆತನಕ್ಕೆ ಬಿಟ್ಟ ಸೇವೆಯಾಗಬಾರದು. ಹಳಿ ಹಾದುಹೋಗುವ ಕ್ಷೇತ್ರಗಳ ಸಂಸದರು, ಈ ದಾರಿಯ ಶಾಸಕರು, ಹೊಲ ಕಳೆದುಕೊಳ್ಳುವ ರೈತರು ಒಟ್ಟಿಗೆ ಕೂತು ಮಾರ್ಗ, ಪರಿಹಾರ, ಗಡುವು ತೀರ್ಮಾನಿಸಲಿ. ಎಷ್ಟು ಎಕರೆ ಬಂತು, ಎಷ್ಟು ದುಡ್ಡು ಸಂದಿತು ಎಂಬ ಲೆಕ್ಕ ವರ್ಷಕ್ಕೊಮ್ಮೆ ಜನರ ಮುಂದಿಡಲಿ. ಸುರೇಶ ಅಂಗಡಿಯವರ ನೆನಪಿಗೆ ಸಲ್ಲುವ ಗೌರವ ಆ ಹಳಿಯ ಮೇಲೆ ಓಡುವ ಮೊದಲ ರೈಲು, ಹೊಲ ಕೊಟ್ಟವನೂ ಸಮಾಧಾನದಿಂದ ಹತ್ತಬಲ್ಲ ರೈಲು.