ಯಾವ ಉಪ್ಪು ಹಾಕಿದೆ?

ನಮ್ಮ ಮನೆ ತಿ. ನರಸೀಪುರದಲ್ಲಿ, ನನ್ನ ಕೆಲಸ ನಂಜನಗೂಡಿನ ಒಂದು ಲ್ಯಾಬ್‌ನಲ್ಲಿ. ನಂಜನಗೂಡಿನ ಪಕ್ಕದಲ್ಲಿ ಹರಿಯೋ ಕಪಿಲೆ ನಮ್ಮೂರಿಗೆ ಬಂದು ಕಾವೇರಿಯನ್ನ ಸೇರ್ತಾಳೆ. ನಾನು ದಿನಾ ಬೆಳಿಗ್ಗೆ ಬಸ್ಸಲ್ಲಿ ಅದಕ್ಕೆ ಎದುರಾಗಿ ಹೋಗ್ತೀನಿ.

ಕಳೆದ ತಿಂಗಳು ಒಂದು ತಪ್ಪು ಮಾಡಿದೆ. ಪ್ರೊಬೇಷನ್ ಮುಗಿಯೋಕೆ ಇನ್ನೂ 6 ವಾರ ಇತ್ತು. 2 ವಾರ ಕೂತು ಶುದ್ಧ ಮಾಡಿದ್ದ ಎನ್‌ಜೈಮ್‌ಗೆ ಸೋಡಿಯಂ ಸಲ್ಫೇಟ್ ದ್ರಾವಣ ಸೇರಿಸಿ, ರಾತ್ರಿಯಿಡೀ 50 ಡಿಗ್ರಿ ಬಿಸಿಯಲ್ಲಿ ಇಡಬೇಕಿತ್ತು. ಎಷ್ಟು ಬಿಸಿ ತಡೆಯುತ್ತೆ ಅಂತ ನೋಡೋ ಪರೀಕ್ಷೆ. ಬೆಳಿಗ್ಗೆ ಬಂದು ನೋಡಿದರೆ ಟ್ಯೂಬಿನಲ್ಲಿ ಒಡೆದ ಹಾಲಿನ ಹಾಗೆ ಬಿಳಿ ಚೂರುಗಳು.

ಶೆಲ್ಫ್ ಹತ್ತಿರ ಹೋದಾಗ ಗೊತ್ತಾಯ್ತು. ನಾನು ತಗೊಂಡಿದ್ದು ಪಕ್ಕದ ಬಾಟಲಿ, ಸೋಡಿಯಂ ಥಯೋಸಯನೇಟ್. ಎರಡೂ ನೀರಿನಷ್ಟೇ ತಿಳಿ. ಎರಡರ ಹೆಸರೂ ಸೋಡಿಯಂ ಅಂತಲೇ ಶುರು. ಎರಡೂ 1 ಮೋಲಾರ್. ಯಾರಿಗೂ ಹೇಳದೆ ಮನೆಗೆ ಬಂದುಬಿಟ್ಟೆ.

ಅಡುಗೆಮನೆಯಲ್ಲಿ ಅಮ್ಮ ಕುಕ್ಕರ್ ಮುಂದೆ ಗೊಣಗ್ತಿದ್ರು. "ಈ ಬೋರ್ ನೀರಲ್ಲಿ ಬೇಳೆ ಬೇಯೋದೇ ಇಲ್ಲ ಕಣೆ. ನಂಜನಗೂಡಲ್ಲಿ ನಿಮ್ಮಜ್ಜಿ ಮನೇಲಿ ಹೊಳೆ ನೀರಿಗೆ ಬೆಣ್ಣೆ ಥರ ಬೇಯ್ತಿತ್ತು. ಚಿಟಿಕೆ ಸೋಡ ಹಾಕ್ಬೇಕು ಅಷ್ಟೆ."

ಅಮ್ಮ ಹೇಳಿದ್ದು ನಿಜ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಅವು ಬೇಳೆಯ ಪೆಕ್ಟಿನ್ ಅನ್ನು ಬಿಗಿಯಾಗಿ ಹಿಡಿದು ಮೆತ್ತಗಾಗಲು ಬಿಡೋದಿಲ್ಲ. ಅಡುಗೆ ಸೋಡವೂ ಒಂದು ಲವಣವೇ, ಆದರೆ ಅದು ಬೇಳೆಯನ್ನ ಮೆತ್ತಗೆ ಮಾಡುತ್ತೆ. ನನ್ನ ಟ್ಯೂಬಿನಲ್ಲಿದ್ದದ್ದು ಪೆಕ್ಟಿನ್ ಅಲ್ಲ, ಪ್ರೋಟೀನ್. ಆದರೂ ಕೇಳಬೇಕಾದ ಪ್ರಶ್ನೆ ಅದೇ: ಯಾವ ಉಪ್ಪು?

ಈ ಪ್ರಶ್ನೆ ಹಳೆಯದು. 1888ರಲ್ಲಿ ಪ್ರಾಗ್‌ನ ಫ್ರಾಂಜ್ ಹಾಫ್‌ಮೈಸ್ಟರ್ ಮೊಟ್ಟೆಯ ಬಿಳಿಭಾಗದ ಪ್ರೋಟೀನ್ ತೆಗೆದುಕೊಂಡು, ಅದು ತಳಕ್ಕೆ ಇಳಿಯಬೇಕಾದರೆ ಯಾವ ಲವಣ ಎಷ್ಟು ಬೇಕು ಅಂತ ಅಳೆದ. ಅವನ ಹೆಸರಿನಲ್ಲಿ ಇಂದು ಬಳಸುವ ಸಾಲಿನ ಒಂದು ತುದಿಯಲ್ಲಿ ಸಲ್ಫೇಟ್, ಇನ್ನೊಂದು ತುದಿಯಲ್ಲಿ ಥಯೋಸಯನೇಟ್. ನಮ್ಮ ಅಡುಗೆ ಉಪ್ಪಿನ ಕ್ಲೋರೈಡ್ ನಡುವೆ.

ಸಲ್ಫೇಟ್ ನೀರಿನ ಜೋಡಣೆಯನ್ನ ಗಟ್ಟಿ ಮಾಡುತ್ತೆ, ಥಯೋಸಯನೇಟ್ ಅದನ್ನ ಒಡೆಯುತ್ತೆ ಅಂತ ಕಾಲೇಜಿನಲ್ಲಿ ಓದಿದ್ದೆ. 2003ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಲೇಸರ್‌ನಿಂದ ಅಳೆದು ನೋಡಿದಾಗ, ಅಯಾನುಗಳ ಪ್ರಭಾವ ಅವನ್ನು ಸುತ್ತಿದ ಮೊದಲ ಪದರದ ನೀರಿನಾಚೆಗೆ ಹೆಚ್ಚು ಹೋಗೋದಿಲ್ಲ ಅಂತ ಕಂಡಿತು. ಹಾಗಾಗಿ ಮುಖ್ಯ ಆಟ ನಡೆಯೋದು ಪ್ರೋಟೀನಿನ ಮೈಮೇಲೆ. ಸಲ್ಫೇಟ್ ತನ್ನ ನೀರನ್ನ ಗಟ್ಟಿಯಾಗಿ ಹಿಡಿದುಕೊಂಡು ಪ್ರೋಟೀನಿನಿಂದ ದೂರವೇ ಇರುತ್ತೆ, ಆಗ ಪ್ರೋಟೀನ್ ತನ್ನ ಮೈ ಕಡಿಮೆ ತೋರಿಸಿ ಮಡಚಿಕೊಂಡೇ ಇರುತ್ತೆ. ತೀರಾ ಜಾಸ್ತಿ ಹಾಕಿದರೆ ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತೆ, ಆದರೆ ಸಾಮಾನ್ಯವಾಗಿ ಕೆಡೋದಿಲ್ಲ. ಥಯೋಸಯನೇಟ್‌ಗೆ ನೀರಿನ ಮೇಲೆ ಅಂಥ ಹಿಡಿತ ಇಲ್ಲ. ಅದು ಪ್ರೋಟೀನಿನ ಮೇಲೇ ಹೋಗಿ ಕೂರುತ್ತೆ. ಮಡಿಕೆ ಬಿಚ್ಚಿದಷ್ಟೂ ಕೂರೋಕೆ ಜಾಗ ಜಾಸ್ತಿ. ಅದರ ಮೇಲೆ 50 ಡಿಗ್ರಿ ಬಿಸಿ ಬೇರೆ!

ಪ್ರೋಟೀನ್ ಪಕ್ಕ ನೀರು ಎಷ್ಟು, ಬೇರೆಯದು ಎಷ್ಟು ಅನ್ನೋ ಈ ಲೆಕ್ಕದಲ್ಲಿ ಕೆಲಸ ಮಾಡಿದವರು ನಮ್ಮ ಮೈಸೂರಿನಲ್ಲೇ ಇದ್ದರು. ಮುಂದೆ ಸಿಎಫ್‌ಟಿಆರ್‌ಐ ನಿರ್ದೇಶಕರಾದ ವಿ. ಪ್ರಕಾಶ್, ಅಮೆರಿಕದ ಸರ್ಜ್ ಟಿಮಾಶೆಫ್ ಜೊತೆ ಯೂರಿಯಾ ದ್ರಾವಣದಲ್ಲಿನ ಪ್ರೋಟೀನ್‌ಗಳ ಬಗ್ಗೆ 1981ರಲ್ಲಿ ಪ್ರಬಂಧ ಪ್ರಕಟಿಸಿದ್ದರು.

ಮರುದಿನ ಬಸ್ ಇಳಿದವಳೇ ಸೀದಾ ಮೇಡಂ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ನೋಟ್‌ಬುಕ್‌ನಲ್ಲಿ ಬರಿ. ಆಮೇಲೆ ಎರಡೂ ಉಪ್ಪನ್ನ ಪಕ್ಕಪಕ್ಕದಲ್ಲಿಟ್ಟು ಮತ್ತೆ ಮಾಡು" ಅಂದ್ರು.

ಮತ್ತೆ 2 ವಾರ ಹಿಡಿಯಿತು. ಸಲ್ಫೇಟ್ ಟ್ಯೂಬು ಬೆಳಿಗ್ಗೆಯೂ ತಿಳಿಯಾಗೇ ಇತ್ತು. ಥಯೋಸಯನೇಟ್ ಟ್ಯೂಬಿನಲ್ಲಿ ಮತ್ತದೇ ಬಿಳಿ ಚೂರು. ಪ್ರೊಬೇಷನ್ ಇನ್ನೂ ಮುಗಿದಿಲ್ಲ, ಏನಾಗುತ್ತೋ ಗೊತ್ತಿಲ್ಲ. ಬಾಟಲಿ ತೆಗೆಯುವಾಗ ಹೆಸರಿನ ಕೊನೇ ಅಕ್ಷರದವರೆಗೂ ಓದೋ ಅಭ್ಯಾಸ ಮಾತ್ರ ಬಂದಿದೆ.

ಅಂದಹಾಗೆ, ನಿಮ್ಮೂರಿನ ನೀರಲ್ಲಿ ಬೇಳೆ ಬೇಗ ಬೇಯುತ್ತಾ?