ಪಟ್ಟಿ ಎತ್ತಿದವರೇ, ಲೆಕ್ಕ ಎಲ್ಲಿ?



2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದಾಗ, ಮೂಡಲಗಿ, ಹುಕ್ಕೇರಿ ಕಡೆಯ ಹೊಳೆಸಾಲಿನ ಹಳ್ಳಿಗಳು ಮುಳುಗಿದಾಗ ನಾಡೆಲ್ಲ ರೊಟ್ಟಿ, ಚಾದರ, ರೊಕ್ಕ ಕಳಿಸಿತು. ಇಂದು ಪಟ್ಟಿ ಕೇಳಲು ಹೋದರೆ ಅಂಗಡಿಯವನು "ಹೋದ ಸಲದ ಲೆಕ್ಕ ಮೊದಲ ತೋರಸ್ರಿ" ಎನ್ನುತ್ತಾನೆ. ಅವನನ್ನು ಜಿಪುಣ ಎನ್ನಬೇಡಿ. ಕೊಟ್ಟವನಿಗೆ ಕೇಳುವ ಹಕ್ಕಿದೆ!

ಪಾವತಿ ಪುಸ್ತಕ ಅಚ್ಚು ಹಾಕುವವನಾಗಿ ಹೇಳುತ್ತೇನೆ: ನಂಬರ್ ಇಲ್ಲದ ಪಾವತಿ ಬರೀ ಕಾಗದ. "ನಂಬರ್ ಬ್ಯಾಡ, ಲಗೂನ ಕೊಡ್ರಿ" ಎನ್ನುವವರಿಗೆ ನಮ್ಮ ಪ್ರೆಸ್ಸಿನಲ್ಲಿ ಚಹಾ ಮಾತ್ರ ಸಿಗುತ್ತದೆ. ಎಷ್ಟು ಪುಸ್ತಕ ಅಚ್ಚಾದವು, ಎಷ್ಟು ತಿರುಗಿ ಬಂದವು? ಇಷ್ಟು ತಾಳೆ ನೋಡಿದರೂ ಅರ್ಧ ಕಳವು ನಿಲ್ಲುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಾಯಿತ ಸಂಘ ವರ್ಷವರ್ಷ ಆಡಿಟ್ ಆದ ಲೆಕ್ಕವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಲೇಬೇಕು. ಅಲ್ಲಿ ಕೊಟ್ಟಿದ್ದನ್ನು ಊರಿಗೆ ತೋರಿಸಲು ಏನು ಅಡ್ಡಿ?

ರಾಜ್ಯೋತ್ಸವಕ್ಕೆ ಪಟ್ಟಿ ಎತ್ತುವ ನಮಗೂ ಇದೇ ಮಾತು. ಡಿಜೆಗೆ ಎಷ್ಟು, ಪೆಂಡಾಲಿಗೆ ಎಷ್ಟು, ಉಳಿದದ್ದು ಯಾವ ಕನ್ನಡ ಶಾಲೆಗೆ? ನವೆಂಬರ್ ಮುಗಿಯುವುದರೊಳಗೆ ಬಸ್ ಸ್ಟ್ಯಾಂಡಿನ ಎದುರು ಲೆಕ್ಕ ಅಂಟಿಸಿ. ಆ ಪೋಸ್ಟರನ್ನು ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.